ಬೇಲಿಯೋ, ಕವರೋ, ಅಲಾರಮ್ಮೋ: ಮನೆಯ ಈಜುಕೊಳಕ್ಕೆ ಯಾವ ಕಾವಲು?

ಮನೆಯಲ್ಲಿ ಈಜುಕೊಳ ಇರುವವರು, ಕಟ್ಟಿಸಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಸುತ್ತ ಬೇಲಿ ಹಾಕಿಸಬೇಕೆ, ಮೇಲೆ ಕವರ್ ಎಳೆದರೆ ಸಾಕೆ, ಇಲ್ಲವೇ ಯಾರಾದರೂ ನೀರಿಗೆ ಬಿದ್ದರೆ ಕೂಗುವ ಅಲಾರಂ ತಂದಿಟ್ಟರೆ ಆಗುತ್ತದೆಯೆ? ಮೂರನ್ನೂ ಸುರಕ್ಷತೆಯ ಹೆಸರಿನಲ್ಲೇ ಮಾರುತ್ತಾರೆ, ಆದರೆ ಅವು ಮಾಡುವ ಕೆಲಸ ಬೇರೆಬೇರೆ. ಬೇಲಿ ಮಗುವನ್ನು ನೀರಿನ ಹತ್ತಿರಕ್ಕೆ ಬಿಡುವುದಿಲ್ಲ. ಕವರ್ ನೀರನ್ನೇ ಮುಚ್ಚುತ್ತದೆ. ಅಲಾರಂ ಎರಡನ್ನೂ ಮಾಡುವುದಿಲ್ಲ. ಆಗಬಾರದ್ದು ಶುರುವಾಗಿದೆ ಎಂದು ತಿಳಿಸುತ್ತದೆ ಅಷ್ಟೆ. ಆಮೇಲಿನದ್ದು ಅದನ್ನು ಕೇಳಿಸಿಕೊಂಡವರು ಎಷ್ಟು ಬೇಗ ಓಡುತ್ತಾರೆ ಎನ್ನುವುದರ ಮೇಲೆ ನಿಂತಿದೆ.

ಈ ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಚಿಕ್ಕ ಮಕ್ಕಳು ಮುಳುಗುವಾಗ ಸದ್ದಾಗುವುದೇ ಕಡಿಮೆ. ಉಸಿರಿಗೇ ಒದ್ದಾಡುವ ಮಗುವಿಗೆ ಕೂಗಲು ಉಸಿರು ಉಳಿದಿರುವುದಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅರಿಜೋನಾ, ಕ್ಯಾಲಿಫೋರ್ನಿಯಾ ಮತ್ತು ಫ್ಲೋರಿಡಾದಲ್ಲಿ ನಡೆದ ಇಂಥ ಅವಘಡಗಳನ್ನು ಅಧ್ಯಯನ ಮಾಡಿದಾಗ, ಶೇ. 77ರಷ್ಟು ಮಕ್ಕಳು ಹಿರಿಯರ ಕಣ್ಣಿಂದ ಮರೆಯಾಗಿದ್ದದ್ದು 5 ನಿಮಿಷ ಅಥವಾ ಅದಕ್ಕೂ ಕಡಿಮೆ ಹೊತ್ತು. ಶೇ. 69ರಷ್ಟು ಮಕ್ಕಳು ಆ ಹೊತ್ತಿನಲ್ಲಿ ಕೊಳದ ಬಳಿ ಇರಬಹುದೆಂದು ಮನೆಯವರು ಎಣಿಸಿಯೇ ಇರಲಿಲ್ಲ. ಅಂದರೆ ನಾವು ಕಾಯಬೇಕಾದದ್ದು ಈಜಲು ಇಳಿದ ಮಗುವನ್ನಷ್ಟೇ ಅಲ್ಲ. ಒಳಗೆ ಆಡುತ್ತಿದೆ ಎಂದುಕೊಂಡಿದ್ದ ಮಗುವನ್ನು.

ಯಾವುದರಿಂದ ಅಳೆಯುವುದು

ಬೆಲೆಯಿಂದ ಶುರುಮಾಡಬೇಡಿ. ಮೊದಲ ಪ್ರಶ್ನೆ: ಈ ಸಾಧನ ಮಗು ನೀರು ಮುಟ್ಟುವ ಮುಂಚೆ ಕೆಲಸ ಮಾಡುತ್ತದೆಯೋ, ಮುಟ್ಟಿದ ಮೇಲೋ? ಎರಡನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು: ಮನೆಯವರೆಲ್ಲ ಮರೆತ ದಿನ ಇದು ಏನು ಮಾಡುತ್ತದೆ? ತಾನಾಗಿ ಮುಚ್ಚಿಕೊಳ್ಳುವ ಗೇಟಿಗೆ ಯಾರ ನೆನಪೂ ಬೇಕಿಲ್ಲ. ಕೈಯಿಂದ ಎಳೆಯುವ ಕವರಿಗೆ ಬೇಕು, ಮಗುವಿನ ಕೈಗೆ ಕಟ್ಟುವ ಅಲಾರಮ್ಮಿಗಂತೂ ದಿನಕ್ಕೆ ಹತ್ತು ಸಲ ಬೇಕು.

ಮೂರನೆಯದಾಗಿ, ನಾಲ್ಕು ವರ್ಷದ ಚುರುಕು ಮಗು ಇದನ್ನು ಹತ್ತಿ, ನುಸುಳಿ, ಇಲ್ಲವೇ ಬಿಚ್ಚಿ ದಾಟಬಲ್ಲದೆ ಎಂದು ನೋಡಿ. ಕೊನೆಯದು, ಸಾಧನ ಕೆಟ್ಟಾಗ ನಿಮಗೆ ತಿಳಿಯುತ್ತದೆಯೆ? ಗೇಟು ಜೋತುಬಿದ್ದರೆ ಕಣ್ಣಿಗೆ ಕಾಣುತ್ತದೆ, ಸೆನ್ಸರಿನ ಬ್ಯಾಟರಿ ಸತ್ತರೆ ಕಾಣುವುದಿಲ್ಲ. ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಬೆಲೆ ನೋಡಿ. ಆಗಲೂ ಕೊಳ್ಳುವ ಬೆಲೆಯ ಜೊತೆಗೆ ವರ್ಷವರ್ಷದ ನಿರ್ವಹಣೆಯನ್ನು ಸೇರಿಸಿಯೇ ಲೆಕ್ಕ ಹಾಕಿ.

ನಾಲ್ಕೂ ಬದಿಯ ಬೇಲಿ

ಇದು ಕೊಳವನ್ನು ಅಂಗಳದಿಂದಲೂ ಮನೆಯಿಂದಲೂ ಬೇರ್ಪಡಿಸುವ ಬೇಲಿ. ಸೈಟಿನ ಸುತ್ತ ಕಾಂಪೌಂಡ್ ಇದೆಯಲ್ಲ ಎನ್ನುವುದು ಇದಕ್ಕೆ ಉತ್ತರವಾಗದು. ಕಾಂಪೌಂಡ್ ಬೀದಿಯ ಮಗುವನ್ನು ತಡೆಯುತ್ತದೆ, ಮನೆಯೊಳಗಿನ ಮಗುವಿಗೆ ಹಿಂಬಾಗಿಲು ತೆರೆದೇ ಇರುತ್ತದೆ. ಈ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯಲ್ಲಿ, ಮೂರು ಬದಿ ಬೇಲಿ ಮತ್ತು ನಾಲ್ಕನೆಯ ಬದಿಗೆ ಮನೆ ಇರುವ ಕೊಳಕ್ಕೆ ಹೋಲಿಸಿದರೆ ನಾಲ್ಕೂ ಬದಿ ಬೇಲಿ ಇರುವ ಕೊಳದಲ್ಲಿ ಮುಳುಗುವ ಅಪಾಯದ ಅನುಪಾತ 0.17. ಹೆಚ್ಚುಕಡಿಮೆ ಆರನೆಯ ಒಂದು ಪಾಲು. ಬೇರೆ ಯಾವ ಸಾಧನದ ಪರವಾಗಿಯೂ ಇಷ್ಟು ಗಟ್ಟಿ ಪುರಾವೆ ಇಲ್ಲ.

ಆದರೆ ಬೇಲಿ ಎಂದು ಹೆಸರಿದ್ದ ಮಾತ್ರಕ್ಕೆ ಬೇಲಿಯಾಗದು. ಅಳತೆ ತಪ್ಪಿದರೆ ಅದು ಏಣಿ. ಎತ್ತರ ಆಸ್ಟ್ರೇಲಿಯಾದ ಎಎಸ್ 1926.1 ಮಾನದಂಡದಲ್ಲಿ ಕನಿಷ್ಠ 120 ಸೆಂ.ಮೀ., ಅಮೆರಿಕದ ಆಯೋಗದ ಮಾರ್ಗಸೂಚಿಯಲ್ಲಿ 48 ಇಂಚು ಅಂದರೆ 122 ಸೆಂ.ಮೀ., ಕ್ಯಾಲಿಫೋರ್ನಿಯಾದಲ್ಲಿ 60 ಇಂಚು. ಎತ್ತರವನ್ನು ಕೊಳದ ಕಡೆಯಿಂದಲ್ಲ, ಹೊರಗೆ ಮಗು ನಿಲ್ಲುವ ನೆಲದಿಂದ ಅಳೆಯಬೇಕು. ಹೊರಗಡೆ ಮಣ್ಣು ಏರಿಸಿ ಹೂವಿನ ಪಾತಿ ಮಾಡಿದರೆ ಎತ್ತರ ಅಷ್ಟು ಕಡಿಮೆಯಾದಂತೆ.

ಸರಳುಗಳ ನಡುವಿನ ಸಂದು 10 ಸೆಂ.ಮೀ. ಮೀರಬಾರದು; ಮೈ ನುಸುಳದಷ್ಟು ಕಿರಿದಾದ ಸಂದು ಅದು. ಅಡ್ಡಪಟ್ಟಿಗಳ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಅಮೆರಿಕದ ಮಾರ್ಗಸೂಚಿಯ ಪ್ರಕಾರ ಎರಡು ಅಡ್ಡಪಟ್ಟಿಗಳ ನಡುವೆ 45 ಇಂಚು (114 ಸೆಂ.ಮೀ.) ಅಥವಾ ಹೆಚ್ಚು ಅಂತರವಿದ್ದರೆ ಸರಳುಗಳ ಸಂದು 10 ಸೆಂ.ಮೀ.ವರೆಗೆ ಇರಬಹುದು. ಅಂತರ ಅದಕ್ಕಿಂತ ಕಡಿಮೆಯಿದ್ದರೆ ಅಡ್ಡಪಟ್ಟಿಗಳು ಮೆಟ್ಟಿಲಾಗುತ್ತವೆ. ಆಗ ಅವು ಕೊಳದ ಕಡೆಗೇ ಇರಬೇಕು, ಸರಳುಗಳ ಸಂದು 1¾ ಇಂಚು, ಅಂದರೆ 4.4 ಸೆಂ.ಮೀ. ಮೀರಬಾರದು. ಅಷ್ಟು ಸಣ್ಣ ಸಂದಿನಲ್ಲಿ ಮಗುವಿನ ಪಾದ ತೂರುವುದಿಲ್ಲ. ಬೇಲಿಯ ಬುಡದಲ್ಲಿ ಕಾಂಕ್ರೀಟಿನಂಥ ಗಟ್ಟಿ ನೆಲವಿದ್ದರೆ 10 ಸೆಂ.ಮೀ., ಹುಲ್ಲು ಅಥವಾ ಜಲ್ಲಿಯಿದ್ದರೆ 5 ಸೆಂ.ಮೀ. ಮಾತ್ರ ಬಿಡಬಹುದು. ಮೆತ್ತನೆ ನೆಲವನ್ನು ಮಕ್ಕಳು ಕೆದಕುತ್ತಾರೆ, ನಾಯಿ ಇದ್ದರೆ ಅದೂ ಕೆದಕುತ್ತದೆ.

ಇನ್ನು ಬೇಲಿಯ ಸುತ್ತಲಿನ ಜಾಗ. ಆಸ್ಟ್ರೇಲಿಯಾದಲ್ಲಿ ಬೇಲಿಗೆ ತಾಗಿ 90 ಸೆಂ.ಮೀ. ಹತ್ತಲಾಗದ ವಲಯ ಎಂದು ಬಿಡಬೇಕು. ಕುರ್ಚಿ, ಹೂಕುಂಡ, ಮರದ ಕೊಂಬೆ, ಎಸಿಯ ಹೊರಘಟಕ, ಕೊಳದ ಪಂಪು, ಯಾವುದೂ ಅಲ್ಲಿರಬಾರದು. ಕಟ್ಟಿಸಿದ ದಿನ ಎಲ್ಲ ಸರಿಯಾಗಿದ್ದ ಬೇಲಿ ಆರು ತಿಂಗಳಲ್ಲಿ ಕೆಲಸಕ್ಕೆ ಬಾರದಂತಾಗುವುದು ಇಲ್ಲೇ. ಯಾರೋ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿಗೆಂದು ಬೇಲಿಗೆ ಒರಗಿಸಿಟ್ಟಿರುತ್ತಾರೆ, ಅಷ್ಟೇ ಸಾಕು.

ಗೇಟಿನ ಮುಂದೆ ಸ್ವಲ್ಪ ನಿಲ್ಲಿ

ಬೇಲಿಯಲ್ಲಿ ಓಡಾಡುವ ಭಾಗ ಗೇಟೊಂದೇ. ಕೆಡುವುದೂ ಅದೇ. ಗೇಟು ಹೊರಕ್ಕೆ, ಅಂದರೆ ಕೊಳದ ವಿರುದ್ಧ ದಿಕ್ಕಿಗೆ ತೆರೆಯಬೇಕು. ಚಿಲಕ ಕೂರದಿದ್ದರೂ ಹೊರಗಿಂದ ತಳ್ಳುವ ಮಗು ಗೇಟನ್ನು ಮುಚ್ಚಿದಂತಾಗುತ್ತದೆಯೇ ಹೊರತು ತೆರೆದಂತಲ್ಲ. ತಾನಾಗಿ ಮುಚ್ಚಬೇಕು, ತಾನಾಗಿ ಚಿಲಕ ಬೀಳಬೇಕು. ಚಿಲಕದ ಗುಂಡಿ ನೆಲದಿಂದ ಕನಿಷ್ಠ 54 ಇಂಚು (137 ಸೆಂ.ಮೀ.) ಎತ್ತರದಲ್ಲಿರಬೇಕೆಂದು ಅಮೆರಿಕದ ಮಾರ್ಗಸೂಚಿ ಹೇಳಿದರೆ, ಆಸ್ಟ್ರೇಲಿಯಾದಲ್ಲಿ 150 ಸೆಂ.ಮೀ. ಗೇಟೇ ಅಷ್ಟು ಎತ್ತರವಿಲ್ಲದಿದ್ದರೆ ಅಮೆರಿಕದ ಕ್ರಮ ಹೀಗಿದೆ: ಗುಂಡಿ ಕೊಳದ ಬದಿಯಲ್ಲಿ, ಗೇಟಿನ ತುದಿಯಿಂದ ಕನಿಷ್ಠ 3 ಇಂಚು ಕೆಳಗೆ ಇರಬೇಕು, ಅದರ ಸುತ್ತ 18 ಇಂಚಿನಲ್ಲಿ ಅರ್ಧ ಇಂಚಿಗಿಂತ ದೊಡ್ಡ ಕಿಂಡಿ ಇರಬಾರದು. ಪುಟ್ಟ ಕೈ ಒಳಗೆ ತೂರಿ ಗುಂಡಿ ಒತ್ತದಂತೆ ಈ ಏರ್ಪಾಡು.

ಪರೀಕ್ಷೆ ಎರಡು ನಿಮಿಷದ ಕೆಲಸ. ಗೇಟನ್ನು ಪೂರ್ತಿ ತೆರೆದು ಕೈಬಿಡಿ. ಆಮೇಲೆ ಅರ್ಧ ತೆರೆದು ಬಿಡಿ. ಕೊನೆಗೆ ಚಿಲಕಕ್ಕೆ ಇನ್ನೇನು ತಾಗುತ್ತದೆ ಎನ್ನುವಂತೆ, ಎರಡು ಬೆರಳು ದೂರದಿಂದ ಮೆಲ್ಲಗೆ ಬಿಡಿ. ಮೊದಲೆರಡರಲ್ಲಿ ಗೆದ್ದು ಮೂರನೆಯದರಲ್ಲಿ ಸೋಲುವ ಗೇಟುಗಳೇ ಹೆಚ್ಚು: ವೇಗವಿದ್ದಾಗ ಚಿಲಕದ ನಾಲಗೆ ಹೊಡೆದು ಒಳಗೆ ಕೂರುತ್ತದೆ, ವೇಗವಿಲ್ಲದಾಗ ಅಂಚಿಗೆ ತಾಗಿ ನಿಲ್ಲುತ್ತದೆ. ದೂರದಿಂದ ನೋಡಿದರೆ ಗೇಟು ಮುಚ್ಚಿದಂತೆಯೇ ಕಾಣುತ್ತದೆ. ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಹಿಂಜಿನ ಸ್ಪ್ರಿಂಗ್ ಸಡಿಲವಾಗಿರುತ್ತದೆ, ಅಥವಾ ಬುಡದ ಮಣ್ಣು ಕುಸಿದು ಕಂಬ ವಾಲಿ, ಚಿಲಕದ ಎರಡು ಭಾಗಗಳು ಒಂದಕ್ಕೊಂದು ಎದುರಾಗುತ್ತಿರುವುದಿಲ್ಲ. ಬಿಗಿ ಹೆಚ್ಚಿಸಬಹುದಾದ ಹಿಂಜ್ ಹಾಕಿಸಿಕೊಂಡಿದ್ದರೆ ಮೊದಲನೆಯದಕ್ಕೆ ಸ್ಕ್ರೂಡ್ರೈವರ್ ಸಾಕು. ಕಂಬ ವಾಲಿದ್ದರೆ ಕಂಬವನ್ನೇ ಸರಿಮಾಡಿಸಬೇಕು, ಚಿಲಕವನ್ನು ಉಜ್ಜಿ ಹೊಂದಿಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪಾಡು. ಅಯಸ್ಕಾಂತದ ಚಿಲಕದಲ್ಲಿ ನಾಲಗೆ ತಾಗಿ ನಿಲ್ಲುವ ತೊಂದರೆ ಕಡಿಮೆ, ಹೊಸದಾಗಿ ಹಾಕಿಸುವವರು ಅದನ್ನೇ ಕೇಳಿ ಪಡೆಯಿರಿ.

ಗೇಟಿಗೆ ಇಟ್ಟಿಗೆ ಇಟ್ಟು ತೆರೆದಿಡುವ ರೂಢಿ ಇರುವ ಮನೆಯಲ್ಲಿ ಬೇಲಿ ಇದ್ದೂ ಇಲ್ಲ.

ಬೇಲಿಯಲ್ಲೇ ಯಾವುದು?

ಲೋಹದ ಸರಳಿನ ಬೇಲಿ ಎಲ್ಲಕ್ಕಿಂತ ನೇರವಾದ ಆಯ್ಕೆ. ಪೌಡರ್ ಕೋಟಿಂಗ್ ಆದ ಅಲ್ಯೂಮಿನಿಯಂ ತುಕ್ಕು ಹಿಡಿಯದು, ಉಕ್ಕು ಗಟ್ಟಿ ಆದರೆ ಬೆಸುಗೆ ಹಾಕಿದಲ್ಲಿ ಬಣ್ಣ ಎದ್ದರೆ ತುಕ್ಕು ಶುರು.

ಗಾಜಿನ ಬೇಲಿಗೆ ನಿಜವಾದ ಒಂದು ಲಾಭವಿದೆ: ಒಳಗಿನಿಂದ ಕೊಳ ಪೂರ್ತಿ ಕಾಣುತ್ತದೆ. ಹತ್ತಲು ಹಿಡಿತವೂ ಸಿಗುವುದಿಲ್ಲ. ಚೌಕಟ್ಟಿಲ್ಲದ ಬಗೆಯಲ್ಲಿ ಸಾಮಾನ್ಯವಾಗಿ 12 ಮಿ.ಮೀ. ಟಫೆಂಡ್ ಗಾಜು, ಅಂದರೆ ಕಾಯಿಸಿ ಗಟ್ಟಿಮಾಡಿದ ಗಾಜು ಬಳಸುತ್ತಾರೆ. ಟಫೆಂಡ್ ಗಾಜಿನೊಳಗೆ ನಿಕಲ್ ಸಲ್ಫೈಡ್ ಕಣ ಉಳಿದಿದ್ದರೆ ಎಂದೋ ಒಂದು ದಿನ ತಾನಾಗಿ ಪುಡಿಯಾಗುವ ಸಂಭವವಿದೆ. ಆದ್ದರಿಂದ ಹೀಟ್ ಸೋಕ್ ಪರೀಕ್ಷೆ (ಅಂಥ ಗಾಜು ಮೊದಲೇ ಒಡೆಯಲೆಂದು ಕಾರ್ಖಾನೆಯಲ್ಲಿ ಬಿಸಿಯಲ್ಲಿಟ್ಟು ನೋಡುವುದು) ಆದ ಗಾಜನ್ನೇ ಕೇಳಿ. ಗಾಜನ್ನು ಹಿಡಿದು ನಿಲ್ಲಿಸುವ ಹಿಡಿಕೆಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ, 304 ಆದರೆ ಕ್ಲೋರಿನ್ ನೀರಿಗೆ ಬೇಗ ಕಂದು ಕಲೆ ಬರುತ್ತದೆ. ಗಾಜಿನ ಗೇಟು ಭಾರ, ಅದರ ಹಿಂಜಿಗೆ ಕೆಲಸ ಹೆಚ್ಚು. ಬೆಲೆ ಎಲ್ಲಕ್ಕಿಂತ ಮೇಲೆ, ವಾರವಾರ ಒರೆಸುವ ಕೆಲಸ ಬೇರೆ.

ತೆಗೆದಿಡಬಹುದಾದ ಮೆಶ್ ಬೇಲಿಯನ್ನು ಬಾಡಿಗೆ ಮನೆಯವರು, ಮಕ್ಕಳು ದೊಡ್ಡವರಾದ ಮೇಲೆ ಬೇಲಿ ಬೇಡವೆನ್ನುವವರು ಇಷ್ಟಪಡುತ್ತಾರೆ. ಕೊಳದ ಸುತ್ತಲ ಕಾಂಕ್ರೀಟಿನಲ್ಲಿ ತೂತು ಕೊರೆದು, ಕೊಳವೆ ಕೂರಿಸಿ, ಅದರಲ್ಲಿ ಕಂಬ ನಿಲ್ಲಿಸುತ್ತಾರೆ. ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ಎಫ್ 2286 ಎಂಬ ಮಾನದಂಡ ಇದಕ್ಕೆಂದೇ ಇದೆ. ಮೆಶ್ಶಿನ ಕೆಳಅಂಚು ನೆಲದಿಂದ ಒಂದು ಇಂಚಿಗಿಂತ ಮೇಲಿರಬಾರದು, ಮೆಶ್ ಬಿಗಿಯಾಗಿರಬೇಕು. ಅಳತೆಗೆ ಒಪ್ಪುವ, ಕೈಗೆಟಕುವ ಒಳ್ಳೆಯ ಆಯ್ಕೆ ಇದು. ಆದರೆ ಅದರ ಗುಣವೇ ಅದರ ದೋಷ: ತೆಗೆಯಲು ಬರುತ್ತದೆ. ನೆಂಟರು ಬಂದರೆಂದು ಎರಡು ಕಂಬ ಕಿತ್ತಿಟ್ಟರೆ, ಮರಳಿ ನಿಲ್ಲಿಸುವುದು ನಾಳೆಯ ಮಾತಾಗುತ್ತದೆ. ಇದನ್ನು ಕೊಳ್ಳುವವರು ಗೇಟಿರುವ ಬಗೆಯನ್ನೇ ಕೊಳ್ಳಿ. ಗೇಟಿಲ್ಲದ ಮೆಶ್ಶಿನಲ್ಲಿ ಒಳಹೋಗಲು ಪ್ರತಿ ಸಲವೂ ಒಂದು ತುಂಡನ್ನು ಬಿಚ್ಚಬೇಕು, ಅದಕ್ಕೆ ಬೇಸತ್ತವರು ಬಿಚ್ಚಿಯೇ ಇಡುತ್ತಾರೆ.

ತಂತಿ ಹೆಣಿಗೆಯ ಬೇಲಿ ಎಲ್ಲಕ್ಕಿಂತ ಅಗ್ಗ. ಮಾಮೂಲಿ 2 ಇಂಚಿನ ಕಣ್ಣಿನದು ಮಕ್ಕಳ ಕಾಲ್ಬೆರಳಿಗೆ ಹೇಳಿಮಾಡಿಸಿದ ಮೆಟ್ಟಿಲು. ಕಣ್ಣು 1¼ ಇಂಚು (3.2 ಸೆಂ.ಮೀ.) ಮೀರದ ಹೆಣಿಗೆ ಸಿಕ್ಕರೆ ಮಾತ್ರ ಯೋಚಿಸಿ. ಇಟ್ಟಿಗೆ ಗೋಡೆ ಗಟ್ಟಿಮುಟ್ಟಾದರೂ ಕೊಳವನ್ನು ಕಣ್ಣಿಂದ ಮರೆಮಾಡುತ್ತದೆ, ಒಳಗೇನಾಗುತ್ತಿದೆ ಎಂದು ಅಡುಗೆಮನೆಯ ಕಿಟಕಿಯಿಂದ ಕಾಣುವುದಿಲ್ಲ.

ಮನೆಯೇ ನಾಲ್ಕನೆಯ ಗೋಡೆಯಾದರೆ

ಜಾಗ ಸಾಲದೆ, ಮನೆಯ ಬಾಗಿಲು ನೇರ ಕೊಳದ ಕಟ್ಟೆಗೇ ತೆರೆಯುವ ಮನೆಗಳಿವೆ. ಅಮೆರಿಕದಲ್ಲಿ ಬಾಗಿಲ ಅಲಾರಂ ಅಥವಾ ತಾನಾಗಿ ಮುಚ್ಚಿ ಚಿಲಕ ಬೀಳುವ ಬಾಗಿಲಿನೊಡನೆ ಇದನ್ನು ಒಪ್ಪುವ ಕಡೆಗಳಿವೆ. ಆಸ್ಟ್ರೇಲಿಯಾದ ಈಗಿನ ನಿಯಮ ಬಿಗಿ: ಮನೆಯ ಬಾಗಿಲಿನಿಂದ ಹೊರಾಂಗಣದ ಕೊಳಕ್ಕೆ ನೇರ ದಾರಿ ಇರಕೂಡದು.

ಬಾಗಿಲ ಅಲಾರಮ್ಮಿಗೆ ಯುಎಲ್ ಎಂಬ ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆಯ 2017 ಸಂಖ್ಯೆಯ ಮಾನದಂಡ ನೋಡಿ (ಅದು ವರ್ಷವಲ್ಲ). ಅಮೆರಿಕದ ಮಾರ್ಗಸೂಚಿಯಂತೆ ಬಾಗಿಲು ತೆರೆದ 7 ಸೆಕೆಂಡಿನೊಳಗೆ ಕೂಗಬೇಕು, 10 ಅಡಿ ದೂರದಲ್ಲಿ 85 ಡೆಸಿಬೆಲ್ ಇರಬೇಕು, ಕನಿಷ್ಠ 30 ಸೆಕೆಂಡ್ ನಿಲ್ಲದೆ ಕೂಗಬೇಕು. ದೊಡ್ಡವರು ಹೊರಹೋಗಲು ಒತ್ತುವ ಗುಂಡಿ 54 ಇಂಚು ಎತ್ತರದಲ್ಲಿದ್ದು, ಅದು ಅಲಾರಮ್ಮನ್ನು 15 ಸೆಕೆಂಡಿಗಿಂತ ಹೆಚ್ಚು ಸುಮ್ಮನಾಗಿಸಬಾರದು. ಪೂರ್ತಿ ಆಫ್ ಮಾಡುವ ಸ್ವಿಚ್ ಇರುವ ಅಲಾರಮ್ಮನ್ನು ಕೊಳ್ಳಲೇಬೇಡಿ. ದಿನಕ್ಕೆ ಇಪ್ಪತ್ತು ಸಲ ಕೂಗಿದರೆ ಯಾರಾದರೂ ಅದನ್ನು ಆಫ್ ಮಾಡಿಯೇ ಮಾಡುತ್ತಾರೆ. ಹಾಗೆಯೇ ಕಿಟಕಿಗಳು 10 ಸೆಂ.ಮೀ.ಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಿಸಿ, ಸಾಕುಪ್ರಾಣಿಗೆಂದು ಬಾಗಿಲಿನಲ್ಲಿ ಮಾಡಿದ ಕಿಂಡಿ ಇದ್ದರೆ ಮುಚ್ಚಿಸಿ. ಬೆಕ್ಕು ನಾಯಿ ದಾಟುವ ಕಿಂಡಿಯಲ್ಲಿ ಅಂಬೆಗಾಲಿಡುವ ಮಗುವೂ ದಾಟುತ್ತದೆ.

ಕವರುಗಳು: ಒಂದೇ ಹೆಸರು, ಬೇರೆ ವಸ್ತುಗಳು

ಗುಳ್ಳೆಗುಳ್ಳೆಯಾಗಿ ನೀರಿನ ಮೇಲೆ ತೇಲುವ ನೀಲಿ ಸೋಲಾರ್ ಹಾಳೆ ಸುರಕ್ಷತೆಯ ಕವರ್ ಅಲ್ಲ. ನೀರಿನ ಬಿಸಿ ಉಳಿಸಲು ಮಾಡಿದ್ದು ಅದು. ಮಗು ಅದರ ಮೇಲೆ ಕಾಲಿಟ್ಟರೆ ಹಾಳೆ ಮಡಿಚಿ ಒಳಗೆ ಸೆಳೆದುಕೊಳ್ಳುತ್ತದೆ, ಮತ್ತೆ ಮೇಲೆ ಮುಚ್ಚಿಕೊಳ್ಳುತ್ತದೆ. ಹುಡುಕುವವರಿಗೆ ಮಗು ಕಾಣುವುದಿಲ್ಲ. ಬರಿಯ ನೀರಿಗಿಂತ ಇದು ಕೆಟ್ಟದ್ದು.

ಸುರಕ್ಷತೆಯ ಕವರ್ ಎನ್ನಿಸಿಕೊಳ್ಳಲು ಎಎಸ್‌ಟಿಎಂ ಎಫ್ 1346 ಪರೀಕ್ಷೆ ದಾಟಬೇಕು. 8 ಅಡಿಗಿಂತ ಅಗಲದ ಕೊಳದಲ್ಲಿ ಇಬ್ಬರು ವಯಸ್ಕರು ಮತ್ತು ಒಂದು ಮಗುವಿನ ಭಾರ, 485 ಪೌಂಡ್, ಅಂದರೆ ಸುಮಾರು 220 ಕಿಲೋ ತಡೆಯಬೇಕು. ಮೇಲೆ ನಿಂತ ಮಳೆನೀರು ಇಳಿದುಹೋಗುವ ದಾರಿ ಇರಬೇಕು, ಯಾಕೆಂದರೆ ಕವರಿನ ಮೇಲಿನ ಅಂಗೈ ಆಳದ ನೀರೂ ಮಗುವಿನ ಬಾಯಿ ಮೂಗು ಮುಚ್ಚಲು ಸಾಕು.

ಮೋಟಾರಿನ ಕವರ್ ಬೀಗದಕೈ ತಿರುಗಿಸಿದರೆ ಹಳಿಯ ಮೇಲೆ ಬಂದು ಮುಚ್ಚುತ್ತದೆ. ನೀರು ಆವಿಯಾಗುವುದು, ಕಸ ಬೀಳುವುದು ಎಲ್ಲ ಕಡಿಮೆಯಾಗುವುದರಿಂದ ದಿನನಿತ್ಯ ಮುಚ್ಚುವ ಮನಸ್ಸಾಗುತ್ತದೆ. ಅದು ಸಣ್ಣ ಲಾಭವಲ್ಲ. ಆಯತಾಕಾರದ ಕೊಳಕ್ಕೆ ಸಲೀಸು, ಬಳುಕುವ ಆಕಾರದ ಕೊಳಕ್ಕೆ ಕೂರಿಸುವುದು ತೊಡಕು. ಸ್ವಿಚ್ ಇಡುವ ಜಾಗದಿಂದ ಕೊಳ ಪೂರ್ತಿ ಕಾಣಬೇಕು. ಹಳಿಯಲ್ಲಿ ಮರಳು ಕಸ ತುಂಬಿದರೆ, ಕವರನ್ನು ಎಳೆಯುವ ಹಗ್ಗ ಒಂದು ಕಡೆ ಸಡಿಲವಾದರೆ ಕವರ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ರಿಪೇರಿಯ ತನಕ ಕೊಳ ಬಯಲಾಗಿಯೇ ಇರುತ್ತದೆ. ಕೈಯಿಂದ ಬಿಗಿಯುವ, ಸ್ಪ್ರಿಂಗ್ ಪಟ್ಟಿಗಳ ಕವರ್ ತಿಂಗಳುಗಟ್ಟಲೆ ಕೊಳ ಬಳಸದ ಕಾಲಕ್ಕೆ ಸರಿ. ಬೆಳಿಗ್ಗೆ ಬಿಚ್ಚಿ ಸಂಜೆ ಕಟ್ಟುತ್ತೇವೆ ಎನ್ನುವ ಸಂಕಲ್ಪ ಎರಡು ವಾರವೂ ಉಳಿಯದು.

ಯಾವ ಕವರಾದರೂ, ಈಜಿ ಮೇಲೆದ್ದು ಬಟ್ಟೆ ಬದಲಿಸಲು ಎಲ್ಲರೂ ಒಳಗೆ ಹೋದ ಆ ಹತ್ತು ನಿಮಿಷ ತೆರೆದೇ ಇರುತ್ತದೆ. ಗೇಟು ಆಗಲೂ ಮುಚ್ಚಿಕೊಂಡಿರುತ್ತದೆ.

ನೀರಿನ ಅಲಾರಂ

ಮೇಲ್ಮೈಯಲ್ಲಿ ತೇಲುವ ಅಲಾರಂ ಅಲೆ ಎದ್ದಾಗ ಕೂಗುತ್ತದೆ. ಗಾಳಿಗೂ ಕೂಗುತ್ತದೆ, ಮಳೆಗೂ ಕೂಗುತ್ತದೆ. ಅಂಚಿಗೆ ಸಿಕ್ಕಿಸಿ ನೀರಿನೊಳಗೆ ಕೊಳವೆ ಇಳಿಬಿಟ್ಟ ಬಗೆಯದು ಒಳಗಿನ ಒತ್ತಡದ ಅಲೆಯನ್ನು ಗುರುತಿಸುತ್ತದೆ. 2000ರಲ್ಲಿ ಅಮೆರಿಕದ ಆಯೋಗ ಎರಡನ್ನೂ ಪರೀಕ್ಷಿಸಿದಾಗ ನೀರೊಳಗಿನ ಬಗೆಯೇ ಹೆಚ್ಚು ನಂಬಿಕೆಗೆ ಅರ್ಹವಾಗಿತ್ತು, ಸುಳ್ಳು ಕೂಗೂ ಕಡಿಮೆ. ಸೋಲಾರ್ ಹಾಳೆ ಹಾಸಿದ ಕೊಳದಲ್ಲೂ ಅದು ಕೆಲಸ ಮಾಡುತ್ತದೆ. ಕೊಳ್ಳುವುದಾದರೆ ಎಎಸ್‌ಟಿಎಂ ಎಫ್ 2208 ಗುರುತಿರುವ, ಈಜು ಮುಗಿದು ನೀರು ಶಾಂತವಾದ ಮೇಲೆ ತಾನಾಗಿ ಮತ್ತೆ ಸಜ್ಜಾಗುವ, ಮನೆಯೊಳಗೂ ಕೂಗುವ ಘಟಕವಿರುವುದನ್ನು ಆರಿಸಿ. ಉದ್ದ ಕೊಳಕ್ಕೆ, ಎಲ್ ಆಕಾರದ ಕೊಳಕ್ಕೆ ಒಂದೇ ಸಾಲದಿರಬಹುದು. ತಿಂಗಳಿಗೊಮ್ಮೆ, ತಯಾರಕರು ಹೇಳಿದ ತೂಕದ ನೀರು ತುಂಬಿದ ಕ್ಯಾನನ್ನು ಕೊಳದ ದೂರದ ಮೂಲೆಗೆ ಹಾಕಿ ನೋಡಿ. ಮೆಟ್ಟಿಲ ಮೇಲಿಂದ ಮೆಲ್ಲಗೆ ಇಳಿಸಿಯೂ ನೋಡಿ: ಧಡಕ್ಕನೆ ಬೀಳದೆ ಮೆಟ್ಟಿಲಿನಿಂದ ಜಾರಿದ ಮಗು ಎಬ್ಬಿಸುವ ಅಲೆ ಚಿಕ್ಕದು.

ಕೊಳದ ಸುತ್ತ ಅತಿಗೆಂಪು ಕಿರಣದ ಗಡಿ ಹಾಕುವ ಅಲಾರಂ ಮಗು ನೀರು ಮುಟ್ಟುವ ಮುಂಚೆಯೇ ಕೂಗುವುದು ಅದರ ಮೇಲ್ಮೆ. ಎಲೆ, ಬೆಕ್ಕು, ಕಂಬ ಕೊಂಚ ಅಲುಗಿದ್ದು ಎಲ್ಲಕ್ಕೂ ಕೂಗುವುದು ಅದರ ಕಾಟ. ಕೈಗೆ ಕಟ್ಟುವ ಅಲಾರಂ ನೀರಿಗಿಳಿಯಲು ಹೊರಟ ಮಗುವಿನ ಕೈಯಲ್ಲಿ ಇರುತ್ತದೆ. ಯಾರಿಗೂ ಗೊತ್ತಾಗದೆ ಹೊರಬಿದ್ದ ಮಗುವಿನದು ಮೇಜಿನ ಮೇಲಿರುತ್ತದೆ. ಕ್ಯಾಮೆರಾ ನೋಡಿ ಫೋನಿಗೆ ಸೂಚನೆ ಕಳಿಸುವ ವ್ಯವಸ್ಥೆಗೆ ಕರೆಂಟು, ವೈಫೈ, ಬೆಳಕು, ಸೈಲೆಂಟಿನಲ್ಲಿರದ ಫೋನು, ಎಲ್ಲವೂ ಒಟ್ಟಿಗೆ ಬೇಕು.

ಕಾನೂನು ಏನನ್ನುತ್ತದೆ

ದೇಶದಿಂದ ದೇಶಕ್ಕೆ ಬೇರೆ. ಫ್ರಾನ್ಸಿನ 2003ರ ಜನವರಿ 3ರ ಕಾಯಿದೆ ನೆಲದೊಳಗೆ ಕಟ್ಟಿದ ಕೊಳಗಳಿಗೆ ಬೇಲಿ, ಅಲಾರಂ, ಕವರ್, ಮೇಲ್ಚಾವಣಿ ಈ ನಾಲ್ಕರಲ್ಲಿ ಒಂದಿದ್ದರೆ ಒಪ್ಪುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹೊಸದಾಗಿ ಕಟ್ಟುವ, ಮಾರ್ಪಡಿಸುವ ಕೊಳಗಳಿಗೆ ಕಾನೂನು ಪಟ್ಟಿಮಾಡಿದ ಏಳು ಸಾಧನಗಳಲ್ಲಿ ಕನಿಷ್ಠ ಎರಡು ಬೇಕು. ಆಸ್ಟ್ರೇಲಿಯಾದಲ್ಲಿ ಬೇಲಿಗೆ ಬದಲಾಗಿ ಅಲಾರಂ ಇಡುವ ಮಾತೇ ಇಲ್ಲ. ನ್ಯೂಜಿಲೆಂಡಿನಲ್ಲಿ 2016ರ ತಿದ್ದುಪಡಿಯ ಮೇಲೆ ಮೂರು ವರ್ಷಕ್ಕೊಮ್ಮೆ ತಪಾಸಣೆ ಆಗುತ್ತದೆ. ನಿಮ್ಮಲ್ಲಿನ ಕಟ್ಟಡ ಪರವಾನಗಿ ಕಚೇರಿಯಲ್ಲಿ ನಿಯಮ ಕೇಳಿಕೊಳ್ಳಿ, ಆದರೆ ಅದನ್ನು ಕನಿಷ್ಠ ಮಟ್ಟ ಎಂದು ತಿಳಿಯಿರಿ. ಅಲಾರಂ ಒಂದೇ ಸಾಕೆಂದು ಕಾನೂನು ಒಪ್ಪುವಲ್ಲೂ ಐದು ವರ್ಷದೊಳಗಿನ ಮಗುವಿರುವ ಮನೆಗೆ ಅದು ಸಾಲದು.

ಯಾರಿಗೆ ಯಾವುದು

ಮನೆಯಲ್ಲೇ ಪುಟ್ಟ ಮಗುವಿದ್ದರೆ ನಾಲ್ಕೂ ಬದಿಯ ಬೇಲಿ, ಜೊತೆಗೆ ಕೊಳದ ಕಡೆಯ ಬಾಗಿಲಿಗೆ ಅಲಾರಂ. ಹಣ ಮಿಕ್ಕರೆ ಮೋಟಾರ್ ಕವರ್ ಮೂರನೆಯ ಪದರವಾಗಲಿ. ಬೇಲಿ ಬಿಟ್ಟು ಕವರ್ ಮಾತ್ರ ಹಾಕಿಸುವುದು ಹಣ ಹೆಚ್ಚು, ಕಾವಲು ಕಡಿಮೆ.

ಮೊಮ್ಮಕ್ಕಳು ರಜೆಗೆ ಮಾತ್ರ ಬರುವ ಮನೆಯಲ್ಲಿ ಅಪಾಯ ಕಡಿಮೆ ಎಂದು ತೋರುತ್ತದೆ. ನಿಜದಲ್ಲಿ ಆ ಮಕ್ಕಳಿಗೆ ಮನೆಯೂ ಹೊಸತು, ಕೊಳವೂ ಹೊಸತು, ಹಿರಿಯರಿಗೆ ಬಾಗಿಲು ಹಾಕುವ ಅಭ್ಯಾಸವಿಲ್ಲ. ಗೇಟಿರುವ ಮೆಶ್ ಬೇಲಿ ಇವರಿಗೆ ಹೊಂದುತ್ತದೆ, ಮಕ್ಕಳು ಬರುವ ಹಿಂದಿನ ದಿನವೇ ನಿಲ್ಲಿಸಿ, ಹೋದ ಮೇಲೆಯೇ ತೆಗೆಯುವುದಾದರೆ. ಅತಿಥಿಗಳಿಗೆ ಬಾಡಿಗೆಗೆ ಕೊಡುವ ಮನೆಗೆ ಮಾತ್ರ ಕಳಚಲಾಗದ ಬೇಲಿಯೇ ಬೇಕು. ನಿಮ್ಮ ಸೂಚನೆಯ ಚೀಟಿಯನ್ನು ಓದುವವರು ಕಡಿಮೆ.

ನೆಲದ ಮೇಲೆ ನಿಲ್ಲುವ ಕೊಳದ ಗೋಡೆ 122 ಸೆಂ.ಮೀ. ಇದ್ದರೆ ಅದೇ ತಡೆಯಾಗಬಲ್ಲದು. ಏಣಿಯನ್ನು ತೆಗೆದಿಡಬೇಕು ಇಲ್ಲವೇ ಬೀಗ ಹಾಕಬೇಕು, ಪಂಪು ಫಿಲ್ಟರು ಗೋಡೆಗೆ ತಾಗಿ ಮೆಟ್ಟಿಲಾಗಿರಬಾರದು. ಗಾಳಿ ತುಂಬುವ ಕೊಳದ ಮೆತ್ತನೆ ಅಂಚು ಮಗು ಆನಿದರೆ ಬಗ್ಗಿ ಅದನ್ನು ತಲೆಕೆಳಗಾಗಿ ಒಳಗೆ ಬೀಳಿಸುತ್ತದೆ. ಅದನ್ನು ಬಳಸಿದ ಕೂಡಲೇ ಬರಿದುಮಾಡಿ ಮಗುಚಿಡುವುದೇ ದಾರಿ. ದೊಡ್ಡದಾಗಿದ್ದು ಬರಿದುಮಾಡಲಾಗದಿದ್ದರೆ ಅದಕ್ಕೂ ಬೇಲಿ ಬೇಕು.

ಕೈಯಲ್ಲಿ ಹಣ ಕಡಿಮೆಯಿದ್ದು ಹಂತಹಂತವಾಗಿ ಮಾಡಬೇಕಾದವರು ಹೀಗೆ ಹೋಗಿ. ಖರ್ಚಿಲ್ಲದ್ದು ಇವತ್ತೇ: ಕೊಳದಲ್ಲಿ ತೇಲುತ್ತಿರುವ ಆಟಿಕೆಗಳನ್ನೆಲ್ಲ ತೆಗೆದು ಕಣ್ಣಿಗೆ ಬೀಳದಲ್ಲಿಡಿ, ಮಗುವನ್ನು ನೀರಿಗೆ ಕರೆಯುವುದೇ ಅವು. ಬೇಲಿ ಈಗಾಗಲೇ ಇದ್ದರೆ ಅದರ ಬಳಿಯ ಕುರ್ಚಿ ಕುಂಡ ಸರಿಸಿ. ಆಮೇಲೆ ಬಾಗಿಲಿಗೆ, ಮಗುವಿಗೆ ಎಟುಕದ ಎತ್ತರದಲ್ಲಿ ಒಂದು ಚಿಲಕ ಮತ್ತು ಅಲಾರಂ. ಮೂರನೆಯದು ಬೇಲಿ, ಅದರಲ್ಲೂ ಉಳಿಸಬೇಕೆಂದರೆ ಬೇಲಿಯ ಅಂದದಲ್ಲಿ ಉಳಿಸಿ, ಗೇಟಿನ ಹಿಂಜು ಚಿಲಕದಲ್ಲಿ ಉಳಿಸಬೇಡಿ. ನೀರಿನ ಅಲಾರಂ ಅದಾದ ಮೇಲೆ. ಬೇಲಿ ಹಾಕುವವರು ಬರುವ ದಿನವೇ ಕೊಳದ ತಳದ ಡ್ರೈನ್ ಮುಚ್ಚಳವನ್ನೂ ನೋಡಿಸಿ: ಒಡೆದಿದ್ದರೆ, ಚಪ್ಪಟೆಯಾಗಿದ್ದರೆ ಪಂಪಿನ ಸೆಳೆತ ಮಗುವಿನ ಕೂದಲನ್ನೋ ಮೈಯನ್ನೋ ಹಿಡಿದುಬಿಡುತ್ತದೆ, ಅದನ್ನು ಬದಲಿಸುವ ತನಕ ಯಾರನ್ನೂ ನೀರಿಗಿಳಿಸಬೇಡಿ. ಉದ್ದ ಕೋಲಿನ ಕೊಕ್ಕೆ ಮತ್ತು ಎಸೆಯುವ ತೇಲುಬಳೆಯನ್ನು ಗೇಟಿನ ಒಳಬದಿಯಲ್ಲಿ, ಕತ್ತಲಲ್ಲೂ ಕೈಗೆ ಸಿಗುವಂತೆ ತೂಗುಹಾಕಿ.